ಮರಳಿಗಿಳಿಯುವ ಮುನ್ನ: ಥಾರ್ ಯಾತ್ರೆಗೆ ವಾಹನವೂ ಸಜ್ಜಾಗಬೇಕು, ಮನುಷ್ಯನೂ ಸಜ್ಜಾಗಬೇಕು

ಬೆಂಗಳೂರು: ದಸರೆ, ದೀಪಾವಳಿ ಮುಗಿದು ಚಳಿ ಕಾಲಿಡುತ್ತಿದ್ದಂತೆ ಸಾಹಸಪ್ರಿಯರ ಚಿತ್ತ ರಾಜಸ್ಥಾನದತ್ತ ಹರಿಯುತ್ತದೆ. ಬೆಂಗಳೂರಿನಿಂದ ಜೈಸಲ್ಮೇರ್‌ಗೆ ರಸ್ತೆಯ ಮೂಲಕ ಸುಮಾರು ಎರಡು ಸಾವಿರ ಕಿಲೋಮೀಟರ್. ಹೆದ್ದಾರಿಗಳು ಸುಧಾರಿಸಿವೆ, ಜೀಪು ಮಾದರಿಯ ವಾಹನಗಳು ಮಧ್ಯಮ ವರ್ಗದ ಮನೆಯಂಗಳಕ್ಕೂ ಬಂದಿವೆ. ಹಾಗಾಗಿ ಗೆಳೆಯರ ಗುಂಪುಗಳು ಸ್ವಂತ ವಾಹನದಲ್ಲೇ ಮರುಭೂಮಿಗೆ ಹೊರಡುವುದು ಈಗ ಅಪರೂಪವಲ್ಲ. ಆದರೆ ಹೆದ್ದಾರಿಯಲ್ಲಿ ಎರಡು ಸಾವಿರ ಕಿಲೋಮೀಟರ್ ಓಡಿಸಿದ ಅನುಭವ ಮರಳಿನ ಮೇಲೆ ಎರಡು ಕಿಲೋಮೀಟರ್‌ಗೂ ಸಾಲುವುದಿಲ್ಲ.

2024ರ ಆಗಸ್ಟ್‌ನಲ್ಲಿ ಸೌದಿ ಅರೇಬಿಯಾದ ರುಬ್ ಅಲ್ ಖಾಲಿ ಮರುಭೂಮಿಯಿಂದ ಬಂದ ಸುದ್ದಿ ಇದಕ್ಕೆ ಸಾಕ್ಷಿ. ಅಲ್ಲಿ ಉದ್ಯೋಗದಲ್ಲಿದ್ದ ತೆಲಂಗಾಣದ ಯುವಕನೊಬ್ಬ ಮತ್ತು ಆತನ ಸುಡಾನ್ ದೇಶದ ಸಹೋದ್ಯೋಗಿ ದಾರಿ ತಪ್ಪಿ ಪ್ರಾಣ ಕಳೆದುಕೊಂಡರು. ವರದಿಗಳ ಪ್ರಕಾರ ಮೊದಲು ಜಿಪಿಎಸ್ ಕೈಕೊಟ್ಟಿತು. ಬಳಿಕ ಫೋನಿನ ಬ್ಯಾಟರಿ ಬರಿದಾಯಿತು, ವಾಹನದ ಇಂಧನ ಮುಗಿಯಿತು. ಕೆಲ ದಿನಗಳ ನಂತರ ಇಬ್ಬರ ದೇಹಗಳೂ ವಾಹನದ ಪಕ್ಕದಲ್ಲೇ ಪತ್ತೆಯಾದವು.

ಈ ದುರಂತದಲ್ಲಿ ಬಿರುಗಾಳಿಯಿಲ್ಲ, ಭೀಕರ ಅಪಘಾತವಿಲ್ಲ. ನಗರದಲ್ಲಿ ನಡೆದಿದ್ದರೆ ಅರ್ಧ ಗಂಟೆಯ ಕಿರಿಕಿರಿ ಎನಿಸಿಕೊಳ್ಳುತ್ತಿದ್ದ ಮೂರು ಸಣ್ಣ ವೈಫಲ್ಯಗಳು ಒಂದರ ಹಿಂದೊಂದು ಬಂದವು, ಅಷ್ಟೇ. ಮರುಭೂಮಿ ಯಾತ್ರೆಯ ಸಿದ್ಧತೆಯ ಸಾರವೆಲ್ಲ ಇಲ್ಲಿದೆ. ಹೆಚ್ಚು ಶಕ್ತಿಯ ಎಂಜಿನ್, ದುಬಾರಿ ಟೈರ್ ಕೊಳ್ಳುವುದರಿಂದ ಸಿದ್ಧತೆ ಪೂರ್ಣಗೊಳ್ಳುವುದಿಲ್ಲ. ಯಾವುದೇ ಒಂದು ವಸ್ತು ಕೈಕೊಟ್ಟರೂ ಮರಳಿ ಬರಲು ಇನ್ನೊಂದು ದಾರಿ ಉಳಿದಿರುವಂತೆ ನೋಡಿಕೊಳ್ಳುವುದೇ ನಿಜವಾದ ಸಿದ್ಧತೆ.

ಯಾವಾಗ ಹೋಗಬೇಕು?

ಥಾರ್ ಮರುಭೂಮಿಯ ವಿಸ್ತಾರ ಸುಮಾರು ಎರಡು ಲಕ್ಷ ಚದರ ಕಿಲೋಮೀಟರ್. ಇದರ ಬಹುಪಾಲು ರಾಜಸ್ಥಾನದಲ್ಲಿದ್ದು, ಉಳಿದದ್ದು ನೆರೆಯ ರಾಜ್ಯಗಳಿಗೂ ಪಾಕಿಸ್ತಾನಕ್ಕೂ ಚಾಚಿಕೊಂಡಿದೆ. ಎಲ್ಲವೂ ಮರಳ ದಿಬ್ಬವೆಂಬ ಕಲ್ಪನೆ ಸರಿಯಲ್ಲ. ಕಲ್ಲುನೆಲ, ಕುರುಚಲು ಗಿಡಗಳ ಬಯಲು, ಹುಲ್ಲುಗಾವಲು, ಉಪ್ಪು ನೆಲ ಎಲ್ಲವೂ ಇಲ್ಲಿವೆ. ಜೈಸಲ್ಮೇರ್ ಸಮೀಪದ ಸಮ್ ಮತ್ತು ಖುರಿ ಪ್ರದೇಶಗಳ ದಿಬ್ಬಗಳು ಪ್ರವಾಸಿಗರಿಗೆ ಹೆಚ್ಚು ಪರಿಚಿತ.

ಯಾತ್ರೆಗೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಸೂಕ್ತ. ಬೇಸಿಗೆಯಲ್ಲಿ ಮರಳಿಗಿಳಿಯುವ ಯೋಚನೆಯನ್ನೇ ಕೈಬಿಡುವುದು ಒಳಿತು. 2016ರ ಮೇ 19ರಂದು ಇದೇ ಭಾಗದ ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ಚಳಿಗಾಲದ ಹಗಲು ಹಿತವಾಗಿದ್ದರೂ ರಾತ್ರಿ ಬೇರೆಯದೇ ಮಾತು. ಡಿಸೆಂಬರ್, ಜನವರಿಗಳಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ. ಮರುಭೂಮಿಯೆಂದರೆ ಬರೀ ಸೆಖೆ ಎಂದುಕೊಂಡು ಬೆಚ್ಚನೆಯ ಹೊದಿಕೆ ಒಯ್ಯದವರು ರಾತ್ರಿಯಿಡೀ ನಡುಗಬೇಕಾಗುತ್ತದೆ.

ಎಲ್ಲೆಂದರಲ್ಲಿ ಓಡಿಸುವಂತಿಲ್ಲ

ದಾರಿಯಿಲ್ಲದ ನೆಲವೆಂದರೆ ಒಡೆಯರಿಲ್ಲದ ನೆಲವಲ್ಲ. ಜೈಸಲ್ಮೇರ್ ಗಡಿ ಜಿಲ್ಲೆ. ಅಂತರರಾಷ್ಟ್ರೀಯ ಗಡಿಗೆ ಸಮೀಪದ ಹಲವು ಪ್ರದೇಶಗಳ ಪ್ರವೇಶಕ್ಕೆ ಜಿಲ್ಲಾಡಳಿತದ ಅನುಮತಿ ಬೇಕು. ತನೋಟ್, ಲೋಂಗೆವಾಲಾದಂತಹ ಸ್ಥಳಗಳಿಗೆ ಪ್ರವಾಸಿಗರು ಹೋಗಬಹುದಾದರೂ ಅಲ್ಲಿಂದ ಗಡಿಯತ್ತ ಮನಬಂದಂತೆ ವಾಹನ ತಿರುಗಿಸುವಂತಿಲ್ಲ. ಗಡಿಯ ಪರಿಸ್ಥಿತಿಗೆ ತಕ್ಕಂತೆ ನಿರ್ಬಂಧಗಳು ಬದಲಾಗುವುದರಿಂದ ಹೊರಡುವ ಮುನ್ನ ಸ್ಥಳೀಯ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಅಗತ್ಯ. ಪೋಖ್ರಾನ್ ಸುತ್ತಲಿನ ಸೇನಾ ಗುಂಡಿನ ಅಭ್ಯಾಸದ ಪ್ರದೇಶವಂತೂ ಸಂಪೂರ್ಣ ನಿಷಿದ್ಧ. ಸಿಡಿಯದೆ ಉಳಿದ ಮದ್ದುಗುಂಡು ಮರಳಿನಡಿ ಹುದುಗಿರುವ ಅಪಾಯ ಅಲ್ಲಿದೆ.

ಜೈಸಲ್ಮೇರ್ ಮತ್ತು ಬಾಡ್ಮೇರ್ ಜಿಲ್ಲೆಗಳಲ್ಲಿ ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನ 3,162 ಚದರ ಕಿಲೋಮೀಟರ್ ವಿಸ್ತಾರದ ವನ್ಯಜೀವಿ ಧಾಮ. ಅಳಿವಿನಂಚಿನಲ್ಲಿರುವ ಎರೆಭೂತ ಪಕ್ಷಿಗೆ ಇದು ಕೊನೆಯ ಪ್ರಮುಖ ಆಸರೆ. ಅಲ್ಲಿ ಗೋಡಾವಣ್ ಎಂದು ಕರೆಯಲ್ಪಡುವ ಈ ಹಕ್ಕಿ ರಾಜಸ್ಥಾನದ ರಾಜ್ಯಪಕ್ಷಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿಯೂ ಇದೇ. ಅದು ಗೂಡು ಕಟ್ಟುವುದಿಲ್ಲ. ಬಯಲು ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಹುಲ್ಲುಗಾವಲಿನಲ್ಲಿ ಮೋಜಿಗೆಂದು ಹೊಸ ದಾರಿ ಮಾಡುವ ಒಂದು ಟೈರ್ ಆ ಸಂತತಿಯ ಒಂದು ವರ್ಷವನ್ನೇ ಅಳಿಸಬಲ್ಲದು. ಈಗಾಗಲೇ ಇರುವ ಜಾಡಿನಲ್ಲೇ ಸಾಗಬೇಕೆಂಬ ನಿಯಮಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಅಲ್ಲಿನ ಜನ ಖೇಜ್ರಿ ಎಂದು ಕರೆಯುವ ಮರವೂ ಕನ್ನಡಿಗರಿಗೆ ಅಪರಿಚಿತವಲ್ಲ. ವಿಜಯದಶಮಿಯಂದು ಪೂಜೆಗೊಳ್ಳುವ ಬನ್ನಿ ಮರವೇ ಅದು. 1730ರಲ್ಲಿ ಜೋಧಪುರ ಸಮೀಪದ ಖೇಜಡ್ಲಿಯಲ್ಲಿ ಈ ಮರಗಳನ್ನು ಉಳಿಸಲು ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ತೆತ್ತರೆಂಬುದು ಇತಿಹಾಸ. ಅಂತಹ ನಾಡಿನಲ್ಲಿ ಶಿಬಿರದ ಬೆಂಕಿಗೆ ಹಸಿ ಕೊಂಬೆ ಕಡಿದರೆ ಊರವರು ಸುಮ್ಮನಿರುತ್ತಾರೆಂದು ಭಾವಿಸಬಾರದು. ಮಳೆನೀರು ಸಂಗ್ರಹಿಸುವ ಟಾಂಕಾಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನೆಲದಡಿಯ ಆ ತೊಟ್ಟಿಯ ನೀರು ಒಂದು ಕುಟುಂಬದ ತಿಂಗಳುಗಳ ಆಧಾರ. ಕೇಳದೆ ಒಂದು ಬಿಂದಿಗೆಯನ್ನೂ ಎತ್ತಬಾರದು.

ವಾಹನ: ಶಕ್ತಿಗಿಂತ ಸ್ಥಿತಿ ಮುಖ್ಯ

ಮರಳಿಗೆ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ತಲುಪುವ ಫೋರ್ ವೀಲ್ ಡ್ರೈವ್ ವಾಹನ ಬೇಕು. ಅದರಲ್ಲೂ ನಿಧಾನಗತಿಯಲ್ಲಿ ಹೆಚ್ಚು ಬಲ ನೀಡುವ ಲೋ ರೇಂಜ್ ಗೇರ್ ಇದ್ದರೆ ಉತ್ತಮ. ಮಾರುತಿ ಜಿಪ್ಸಿ, ಜಿಮ್ನಿ, ಫೋರ್ಸ್ ಗೂರ್ಖಾ, ಮಹೀಂದ್ರಾ ಥಾರ್ ಮೊದಲಾದವು ಈ ಸೌಲಭ್ಯಕ್ಕೆ ಹೆಸರಾದವು. ಆದರೆ ಹೆಸರು ನೋಡಿ ಮೋಸ ಹೋಗಬಾರದು. ಮರುಭೂಮಿಯ ಹೆಸರನ್ನೇ ಹೊತ್ತ ಥಾರ್‌ನಲ್ಲಿಯೂ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲ ನೀಡುವ ಮಾದರಿ 2023ರಿಂದ ಮಾರಾಟದಲ್ಲಿದೆ. ಎತ್ತರದ ಮೈಕಟ್ಟಿನ ಎಷ್ಟೋ ಎಸ್‌ಯುವಿಗಳು ಎರಡು ಚಕ್ರದ ಬಲದವೇ ಆಗಿವೆ.

ಹಳೆಯದಾದರೂ ಸುಸ್ಥಿತಿಯಲ್ಲಿರುವ ವಾಹನ, ನಿಗಾ ಇಲ್ಲದ ಹೊಸ ವಾಹನಕ್ಕಿಂತ ಮೇಲು. ಹೊರಡುವ ಕನಿಷ್ಠ ಮೂರು ವಾರ ಮೊದಲು ಗ್ಯಾರೇಜಿನಲ್ಲಿ ಪೂರ್ಣ ತಪಾಸಣೆ ನಡೆಯಬೇಕು. ಹಿಂದಿನ ದಿನ ಹೊಸ ಬಿಡಿಭಾಗ ಜೋಡಿಸಿ ಹೊರಡುವುದು ಅವಿವೇಕ. ಅದರಲ್ಲಿ ದೋಷವಿದ್ದರೆ ಊರಿನ ಸುತ್ತಲಿನ ಓಡಾಟದಲ್ಲೇ ಬಯಲಾಗುವಷ್ಟು ಕಾಲಾವಕಾಶ ಇರಬೇಕು.

ಮರಳಿನಲ್ಲಿ ವಾಹನ ನಿಧಾನವಾಗಿ ಚಲಿಸಿದರೂ ಎಂಜಿನ್ ಹೆಚ್ಚು ದುಡಿಯುತ್ತದೆ. ಎದುರಿನಿಂದ ಬರುವ ಗಾಳಿ ಕಡಿಮೆ, ಹುಟ್ಟುವ ಶಾಖ ಅಧಿಕ. ಆದ್ದರಿಂದ ರೇಡಿಯೇಟರ್, ಅದರ ಫ್ಯಾನ್, ಕೂಲೆಂಟ್, ರಬ್ಬರ್ ಪೈಪುಗಳು ಹಾಗೂ ಬೆಲ್ಟುಗಳ ಪರೀಕ್ಷೆ ಮೊದಲ ಆದ್ಯತೆ. ಬಿರುಕು ಬಿಟ್ಟ ಪೈಪು, ಸವೆದ ಬೆಲ್ಟ್ ಬದಲಾಯಿಸಿ, ಒಂದೊಂದು ಹೆಚ್ಚುವರಿಯನ್ನೂ ಇಟ್ಟುಕೊಳ್ಳಬೇಕು. ಕ್ಲಚ್ ಅರ್ಧ ಸವೆದಿದ್ದರೆ ಅದು ಮರಳಿನಲ್ಲಿ ಬಾಳುವುದಿಲ್ಲ. ನುಣುಪು ಧೂಳು ಏರ್ ಫಿಲ್ಟರನ್ನು ಕಟ್ಟಿಬಿಡುವುದರಿಂದ ಪ್ರತಿ ಸಂಜೆ ಅದನ್ನು ತೆಗೆದು ಕೊಡವುವುದು ರೂಢಿಯಾಗಬೇಕು. ಇನ್ನೊಂದು ಹೊಸ ಫಿಲ್ಟರ್ ಜೊತೆಗಿರಲಿ. ಬ್ಯಾಟರಿಯ ತುದಿಗಳು ಬಿಗಿಯಾಗಿರಲಿ, ಫ್ಯೂಸುಗಳು, ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಸಂಗ್ರಹದಲ್ಲಿರಲಿ.

ವಾಹನಕ್ಕೆ ಹೊಸ ರೂಪ ಕೊಡುವ ಉತ್ಸಾಹದಲ್ಲಿ ಕಾನೂನನ್ನು ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾದ ಬದಲಾವಣೆಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ವಿಮಾ ಪಾಲಿಸಿಯ ಷರತ್ತುಗಳನ್ನೂ ಓದಿಕೊಳ್ಳುವುದು ಲೇಸು. ರಸ್ತೆಯಾಚೆಗಿನ ಚಾಲನೆಯಲ್ಲಾದ ಹಾನಿಗೆ ಪರಿಹಾರ ಸಿಗುತ್ತದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಗಾಳಿ ಇಳಿಸುವ ವಿದ್ಯೆ

ಮರಳಿನ ಚಾಲನೆಯಲ್ಲಿ ಅತ್ಯಂತ ಪರಿಣಾಮಕಾರಿ ಉಪಾಯಕ್ಕೆ ಬಿಡಿಗಾಸೂ ಖರ್ಚಿಲ್ಲ. ಟೈರಿನ ಗಾಳಿ ಕಡಿಮೆ ಮಾಡುವುದೇ ಆ ಉಪಾಯ. ಡಾಂಬರು ರಸ್ತೆಯಲ್ಲಿ 30ರಿಂದ 35 ಪಿಎಸ್‌ಐ ಇರುವ ಗಾಳಿಯನ್ನು ಮರಳಿಗಿಳಿಯುವ ಮುನ್ನ ಸಾಮಾನ್ಯವಾಗಿ 15ರಿಂದ 18ಕ್ಕೆ ಇಳಿಸಲಾಗುತ್ತದೆ. ಗಾಳಿ ಇಳಿದಾಗ ಟೈರ್ ಚಪ್ಪಟೆಯಾಗಿ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಚಕ್ರ ಹೂತುಕೊಳ್ಳದೆ ತೇಲುತ್ತದೆ. ಒಂಟೆಯ ಅಗಲ ಪಾದದ ಗುಟ್ಟೂ ಇದೇ.

ಈ ವಿದ್ಯೆ ಹೊಸದಲ್ಲ. 1920 ಮತ್ತು 30ರ ದಶಕಗಳಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ಸಾಧಾರಣ ಫೋರ್ಡ್ ಕಾರುಗಳಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಗಳನ್ನು ಸುತ್ತಿದರು. ಅವುಗಳಲ್ಲಿ ನಾಲ್ಕು ಚಕ್ರದ ಬಲವಿರಲಿಲ್ಲ. ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದಡಿಗೆ ಉಕ್ಕಿನ ಹಲಗೆ ಕೊಡುವುದು, ರೇಡಿಯೇಟರಿನಿಂದ ಆವಿಯಾಗುವ ನೀರನ್ನು ಡಬ್ಬಿಯೊಂದರಲ್ಲಿ ಹಿಡಿದು ಮತ್ತೆ ಬಳಸುವುದು, ಸೂರ್ಯನ ನೆರಳಿನಿಂದ ದಿಕ್ಕು ತಿಳಿಯುವ ಯಂತ್ರ ಇವೆಲ್ಲವನ್ನೂ ಅವರ ತಂಡ ಪಳಗಿಸಿಕೊಂಡಿತ್ತು. ಹಾರುವ ಮರಳಿನ ಭೌತಶಾಸ್ತ್ರದ ಬಗ್ಗೆ 1941ರಲ್ಲಿ ಅವರು ಪ್ರಕಟಿಸಿದ ಗ್ರಂಥಕ್ಕೆ ವಿಜ್ಞಾನಿಗಳ ನಡುವೆ ಇಂದಿಗೂ ಮನ್ನಣೆಯಿದೆ. ಎಂಜಿನ್ನಿನ ಬಲಕ್ಕಿಂತ ಮರಳಿನ ಸ್ವಭಾವದ ಅರಿವು ದೊಡ್ಡದೆಂಬುದಕ್ಕೆ ಆ ಕಾರುಗಳೇ ನಿದರ್ಶನ.

ಗಾಳಿ ಇಳಿಸಿದ ಟೈರಿಗೆ ಕೆಲವು ಮಿತಿಗಳಿವೆ. ವೇಗ 30-40 ಕಿಲೋಮೀಟರ್ ದಾಟಬಾರದು. ತಟ್ಟನೆ ಸ್ಟೀರಿಂಗ್ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. 12 ಪಿಎಸ್‌ಐಗಿಂತ ಕೆಳಗೆ ಇಳಿದಷ್ಟೂ ಈ ಅಪಾಯ ಹೆಚ್ಚು. ಉಬ್ಬಿದ ಪಕ್ಕೆಗಳು ಕಲ್ಲು, ಮುಳ್ಳುಗಳಿಗೆ ಸುಲಭವಾಗಿ ತುತ್ತಾಗುತ್ತವೆ. ಥಾರ್‌ನಲ್ಲಿ ಜಾಲಿ, ಬೋರೆ, ಬನ್ನಿಯ ಮುಳ್ಳುಗಳಿಗೆ ಕೊರತೆಯಿಲ್ಲ. ಡಾಂಬರು ರಸ್ತೆಗೆ ಮರಳುವ ಮುನ್ನ ಪುನಃ ಗಾಳಿ ತುಂಬದಿದ್ದರೆ ಟೈರ್ ಕಾದು ಸಿಡಿಯುವ ಸಂಭವವಿದೆ. ಆದ್ದರಿಂದ ಗಾಳಿಯ ಒತ್ತಡ ಅಳೆಯುವ ಮಾಪಕ, ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು, ಪಂಕ್ಚರ್ ಸಾಮಗ್ರಿ, ಒಂದಲ್ಲ ಎರಡು ಸ್ಟೆಪ್ನಿ ಇವು ಕಡ್ಡಾಯ.

ಎಳೆಯುವ ಹಗ್ಗವೂ ಕೊಲ್ಲಬಲ್ಲದು

ಮರಳಿಗಿಳಿದ ವಾಹನ ಒಮ್ಮೆಯಾದರೂ ಹೂತುಕೊಳ್ಳುವುದು ಖಚಿತ. ಸಲಿಕೆ, ಚಕ್ರದಡಿ ಇಡುವ ಹಲಗೆಗಳು, ಜಾಕ್, ಜಾಕ್ ಮರಳಿನಲ್ಲಿ ಇಳಿಯದಂತೆ ಅದರ ಕೆಳಗಿಡಲು ದಪ್ಪ ಮರದ ತುಂಡು, ಎಳೆಯಲು ಬಲವಾದ ಪಟ್ಟಿ ಇವಿಷ್ಟು ಕನಿಷ್ಠ ಸಾಮಗ್ರಿ. ಇವು ಸಾಮಾನುಗಳ ಅಡಿಯಲ್ಲಿ ಹುದುಗದೆ ಕೈಗೆ ಸಿಗುವಂತಿರಬೇಕು.

ವಾಹನದ ಮುಂದೆ, ಹಿಂದೆ ಚಾಸಿಗೆ ಬಿಗಿದ ಗಟ್ಟಿ ಕೊಕ್ಕೆಗಳಿವೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬೇಕು. ಬಂಪರಿಗೋ ಟ್ರೈಲರ್ ಜೋಡಿಸುವ ಗುಂಡಿಗೋ ಪಟ್ಟಿ ಕಟ್ಟಿ ಎಳೆಯುವುದು ಮಾರಣಾಂತಿಕ. ಎಳೆತದ ರಭಸಕ್ಕೆ ಕಿತ್ತುಬಂದ ಲೋಹದ ತುಂಡು ಗುಂಡಿನಂತೆ ಹಾರಿ ಬರುತ್ತದೆ. ಎಳೆಯುವಾಗ ಪಟ್ಟಿಯ ನಡುವೆ ಒದ್ದೆ ಕಂಬಳಿ ಹೊದಿಸಬೇಕು. ಉಳಿದವರು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ನಿಲ್ಲಬೇಕು. ಇಬ್ಬರು ಚಾಲಕರಿಗೂ ಸನ್ನೆ ಮಾಡುವವನು ಒಬ್ಬನೇ ಇರಬೇಕು.

ಎಳೆಯಲು ಇನ್ನೊಂದು ವಾಹನವೇ ಇಲ್ಲದಿದ್ದರೆ ಈ ಸಲಕರಣೆಗಳಲ್ಲಿ ಅರ್ಧ ನಿರರ್ಥಕ. ಒಂಟಿ ವಾಹನದಲ್ಲಿ ಮರುಭೂಮಿಯ ಒಳಹೊಗಬಾರದೆಂಬುದು ಬಲ್ಲವರು ಹೇಳುವ ಮೊದಲ ನಿಯಮ. ಕನಿಷ್ಠ ಎರಡು, ಸಾಧ್ಯವಾದರೆ ಮೂರು ವಾಹನಗಳಿರಲಿ. ಅವುಗಳಲ್ಲೊಂದರಲ್ಲಿ ನೆಲ ಬಲ್ಲ ಸ್ಥಳೀಯನಿರಲಿ.

ನೀರು, ಇಂಧನದ ಲೆಕ್ಕಾಚಾರ

ಮೆದು ಮರಳಿನಲ್ಲಿ ಇಂಧನದ ಬಳಕೆ ಒಂದೂವರೆಯಿಂದ ಎರಡು ಪಟ್ಟು ಹೆಚ್ಚುತ್ತದೆ. ರಸ್ತೆಯಲ್ಲಿ ಲೀಟರಿಗೆ 10 ಕಿಲೋಮೀಟರ್ ಓಡುವ ವಾಹನ ಮರಳಿನಲ್ಲಿ 5 ಕಿಲೋಮೀಟರ್ ಮಾತ್ರ ಓಡುತ್ತದೆಂದೇ ಲೆಕ್ಕ ಹಾಕುವುದು ಕ್ಷೇಮ. 120 ಕಿಲೋಮೀಟರ್ ಮರಳಿನ ಹಾದಿಗೆ 24 ಲೀಟರ್, ಮೇಲೆ ಮೂರನೇ ಒಂದರಷ್ಟು ಮೀಸಲು ಸೇರಿ 32 ಲೀಟರ್ ಬೇಕು. ಹೆಚ್ಚುವರಿ ಇಂಧನ ಒಯ್ಯಲು ಅದಕ್ಕೆಂದೇ ತಯಾರಿಸಿದ ಲೋಹದ ಕ್ಯಾನು ಬಳಸಬೇಕೇ ಹೊರತು ಕುಡಿಯುವ ನೀರಿನ ಪ್ಲಾಸ್ಟಿಕ್ ಕ್ಯಾನುಗಳನ್ನಲ್ಲ.

ಕುಡಿಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 5 ಲೀಟರ್ ನೀರು ಇರಿಸಿಕೊಳ್ಳಬೇಕು. ನಾಲ್ವರ ಮೂರು ದಿನದ ಯಾತ್ರೆಗೆ 60 ಲೀಟರ್, ಅನಿರೀಕ್ಷಿತವಾಗಿ ಸಿಲುಕಿದರೆ ಎರಡು ದಿನದ ಮೀಸಲು 40 ಲೀಟರ್, ಒಟ್ಟು 100 ಲೀಟರ್. ಅಂದರೆ ನೀರಿನ ತೂಕವೇ 100 ಕಿಲೋ. ಇದನ್ನು ಒಂದೇ ದೊಡ್ಡ ಕ್ಯಾನಿನಲ್ಲಿ ತುಂಬದೆ ಹಲವು ಕ್ಯಾನುಗಳಲ್ಲಿ, ಎರಡೂ ವಾಹನಗಳಲ್ಲಿ ಹಂಚಬೇಕು. ಒಂದು ಒಡೆದರೆ ಉಳಿದದ್ದು ಉಳಿಯುತ್ತದೆ. ರೇಡಿಯೇಟರಿನ ನೀರು ಪ್ರತ್ಯೇಕವಾಗಿರಲಿ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ನೀರಿಗೆ, ಇಂಧನಕ್ಕೆ ಜಾಗ ಬೇಕಾದರೆ ಮಡಚುವ ಮೇಜು, ದೊಡ್ಡ ಸ್ಪೀಕರ್, ಹೆಚ್ಚುವರಿ ಪೆಟ್ಟಿಗೆಗಳು ಮನೆಯಲ್ಲೇ ಉಳಿಯಬೇಕು. ಭಾರ ಹೆಚ್ಚಿದಷ್ಟೂ ವಾಹನ ಹೂತುಕೊಳ್ಳುತ್ತದೆ. ಭಾರದ ವಸ್ತುಗಳನ್ನು ಮೇಲ್ಛಾವಣಿಗೆ ಏರಿಸಿದರೆ ಇಳಿಜಾರಿನಲ್ಲಿ ವಾಹನ ಪಲ್ಟಿಯಾಗುವ ಅಪಾಯವೂ ಇದೆ. ಭಾರವಾದದ್ದು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ, ಬಿಗಿಯಾಗಿ ಕಟ್ಟಿರಬೇಕು.

ದೇಹ, ಮನಸ್ಸುಗಳ ಸಿದ್ಧತೆ

ವಾಹನವನ್ನು ಗ್ಯಾರೇಜಿಗೆ ಒಯ್ಯುವ ಉತ್ಸಾಹಿಗಳು ತಮ್ಮನ್ನು ವೈದ್ಯರ ಬಳಿಗೆ ಒಯ್ಯುವುದನ್ನು ಮರೆಯುತ್ತಾರೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗ ಇರುವವರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ಕೆಲವು ಔಷಧಗಳು ದೇಹದ ನೀರಿನಂಶವನ್ನು ಕಡಿಮೆ ಮಾಡುತ್ತವೆ. ಇನ್ಸುಲಿನ್ ಶಾಖಕ್ಕೆ ಕೆಡುತ್ತದೆ, ಅದಕ್ಕೆ ತಂಪು ಪೆಟ್ಟಿಗೆ ಬೇಕು. ಶಾಖಕ್ಕೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಬೆಂಗಳೂರು, ಮೈಸೂರಿನ ಹಿತ ಹವೆಗೆ ಒಗ್ಗಿದವರು ಮೊದಲ ದಿನವೇ ನಡುಹಗಲಲ್ಲಿ ಸಲಿಕೆ ಹಿಡಿದರೆ ಬಳಲುವುದು ಸಹಜ.

ಬಾಯಾರುವವರೆಗೆ ಕಾಯದೆ ಆಗಾಗ ನೀರು ಕುಡಿಯುತ್ತಿರಬೇಕು. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲದೆಂದೇ ಅರ್ಥ. ಬೆವರಿನೊಡನೆ ಲವಣವೂ ಹೋಗುವುದರಿಂದ ಓಆರ್‌ಎಸ್ ಪೊಟ್ಟಣಗಳಿರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಜೊತೆಗಾರನ ಮಾತು ತೊದಲಿದರೆ, ಗೊಂದಲ ಕಾಣಿಸಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಶಾಖಾಘಾತದ ಲಕ್ಷಣ. ತಡಮಾಡದೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರೆರೆದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ತುಂಬು ತೋಳಿನ ಸಡಿಲ ಹತ್ತಿಯ ಉಡುಪು, ತಲೆಗೆ ರುಮಾಲು, ಕಣ್ಣಿಗೆ ತಂಪು ಕನ್ನಡಕ, ಕಾಲಿಗೆ ಮುಚ್ಚಿದ ಬೂಟು ಇವು ಮರುಭೂಮಿಗೆ ತಕ್ಕ ವೇಷ. ಗರಗಸ ಮಂಡಲ, ಕಟ್ಟುಹಾವುಗಳು ಥಾರ್‌ನಲ್ಲಿ ಸಾಮಾನ್ಯ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಓಡಾಡಬಾರದು, ಬೆಳಿಗ್ಗೆ ಬೂಟನ್ನು ಕೊಡವದೆ ಧರಿಸಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯುವುದೊಂದೇ ದಾರಿ.

ಎರಡು ಸಾವಿರ ಕಿಲೋಮೀಟರ್ ಹೆದ್ದಾರಿ ಪಯಣದ ದಣಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇನ್ನೊಂದು ಸಾಮಾನ್ಯ ತಪ್ಪು. ಜೈಸಲ್ಮೇರ್ ತಲುಪಿದ ಮೇಲೆ ಒಂದು ದಿನ ಪೂರ್ಣ ವಿಶ್ರಾಂತಿ ಬೇಕು. ಅಂದೇ ವಾಹನದ ನಟ್ಟು ಬೋಲ್ಟು, ಆಯಿಲ್, ಬೆಲ್ಟುಗಳನ್ನು ಮತ್ತೊಮ್ಮೆ ನೋಡಬಹುದು.

ದಿಕ್ಕು ಮತ್ತು ಸಂಪರ್ಕ

ಗಡಿಭಾಗದಲ್ಲಿ ಮೊಬೈಲ್ ಸಂಕೇತವನ್ನು ನಂಬುವಂತಿಲ್ಲ. ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು. ಎರಡನೆಯ ಫೋನಿನಲ್ಲಿ ಅಥವಾ ಪ್ರತ್ಯೇಕ ಜಿಪಿಎಸ್ ಸಾಧನದಲ್ಲಿ ಅದೇ ಮಾಹಿತಿ ಇರಬೇಕು. ಸಾಗಿದ ಹಾದಿಯನ್ನು ದಾಖಲಿಸುವ ಸೌಲಭ್ಯ ಬಳಸಿದರೆ ಅದೇ ಜಾಡಿನಲ್ಲಿ ಹಿಂದಿರುಗಬಹುದು. ವಿದ್ಯುತ್ ಬೇಡದ ಕಾಗದದ ನಕ್ಷೆ ಮತ್ತು ದಿಕ್ಸೂಚಿಯನ್ನು ಬಳಸಲು ತಂಡದಲ್ಲಿ ಒಬ್ಬರಾದರೂ ಕಲಿತಿರಬೇಕು.

ವಿದೇಶಗಳಲ್ಲಿ ಮರುಭೂಮಿ ಯಾತ್ರಿಕರು ಉಪಗ್ರಹ ಫೋನ್ ಒಯ್ಯುವುದುಂಟು. ಆದರೆ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು, ಬಳಸುವುದು ಕಾನೂನುಬಾಹಿರ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ತಂದ ವಿದೇಶಿ ಪ್ರವಾಸಿಗರು ಇಲ್ಲಿನ ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದ ಪ್ರಕರಣಗಳಿವೆ. ಗಡಿ ಜಿಲ್ಲೆಯಲ್ಲಂತೂ ಇದು ಗಂಭೀರ ವಿಷಯ. ಆದ್ದರಿಂದ ಇಲ್ಲಿ ಹಳೆಯ ಉಪಾಯವೇ ಗತಿ. ಯಾರು ಹೋಗುತ್ತಿದ್ದಾರೆ, ಯಾವ ಹಾದಿ, ಯಾವ ಹೊತ್ತಿಗೆ ಹಿಂದಿರುಗುವುದು, ಹಿಂದಿರುಗದಿದ್ದರೆ ಎಷ್ಟು ಹೊತ್ತಿಗೆ ಯಾರಿಗೆ ತಿಳಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ತಂಗಿದ ಹೋಟೆಲಿನಲ್ಲೂ ಮನೆಯವರ ಬಳಿಯೂ ಕೊಟ್ಟಿರಬೇಕು. ಸಂಕೇತ ಸಿಕ್ಕಿದರೆ 112 ತುರ್ತು ಸಂಖ್ಯೆಗೆ ಕರೆ ಮಾಡಬಹುದು.

ಸಹಾಯ ಎಷ್ಟು ಹತ್ತಿರದಲ್ಲಿದೆ ಎಂಬುದೇ ಮರುಭೂಮಿಯಲ್ಲಿ ಜೀವ, ಸಾವುಗಳ ಅಂತರ. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಅದೇ ರ‍್ಯಾಲಿಯಲ್ಲಿ ಅವರ ಬೈಕ್ ಅಪಘಾತಕ್ಕೀಡಾಗಿ ತಲೆಗೆ ತೀವ್ರ ಪೆಟ್ಟಾಯಿತು. ಸ್ಪರ್ಧೆಯ ವೈದ್ಯಕೀಯ ವ್ಯವಸ್ಥೆಯಿದ್ದುದರಿಂದ ಅವರನ್ನು ರಿಯಾದ್‌ನ ಆಸ್ಪತ್ರೆಗೆ ವಿಮಾನಮಾರ್ಗವಾಗಿ ಸಾಗಿಸಲಾಯಿತು. ವರ್ಷಗಟ್ಟಲೆ ಪಳಗಿದ ಸ್ಪರ್ಧಿಗೂ ಅಪಘಾತ ತಪ್ಪಲಿಲ್ಲ, ಆದರೆ ಬೆನ್ನಿಗೆ ವ್ಯವಸ್ಥೆಯಿತ್ತು. ರಜೆಗೆಂದು ಹೊರಟ ಗೆಳೆಯರ ಗುಂಪಿನ ಬೆನ್ನಿಗೆ ಅಂತಹ ಹೆಲಿಕಾಪ್ಟರ್ ಇರುವುದಿಲ್ಲ.

ದಿಬ್ಬದ ಮೇಲೆ

ಗಾಳಿ ಬೀಸುವ ಕಡೆಯ ಇಳಿಜಾರು ಸೌಮ್ಯ ಮತ್ತು ಗಟ್ಟಿ. ಮರೆಯ ಕಡೆಯ ಇಳಿಜಾರು ಸುಮಾರು 33 ಡಿಗ್ರಿಯಷ್ಟು ಕಡಿದಾಗಿದ್ದು ಮರಳು ಸಡಿಲವಾಗಿರುತ್ತದೆ. ತುದಿಯ ಆಚೆ ಏನಿದೆ ಎಂಬುದು ಕೆಳಗಿನಿಂದ ಕಾಣುವುದಿಲ್ಲ. ಹಾಗಾಗಿ ಹೊಸಬರು ವಾಹನ ನಿಲ್ಲಿಸಿ, ನಡೆದು ಹತ್ತಿ, ನೋಡಿ ಬರುವುದು ವಿವೇಕ. ಬೆಳಗಿನ ತಂಪಿನಲ್ಲಿ ಮರಳು ಗಟ್ಟಿಯಾಗಿರುತ್ತದೆ, ನೆರಳುಗಳಿಂದ ಏರಿಳಿತವೂ ಸ್ಪಷ್ಟ. ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ನೆರಳಿಲ್ಲದೆ ಹಳ್ಳವೂ ಸಮತಟ್ಟಾಗಿ ಕಾಣುತ್ತದೆ.

ಏರುವುದೂ ನೇರ, ಇಳಿಯುವುದೂ ನೇರ ಎಂಬುದು ಮರಳಿನ ಸೂತ್ರ. ಇಳಿಜಾರಿಗೆ ಅಡ್ಡಲಾಗಿ ತಿರುಗಿದರೆ ವಾಹನ ಉರುಳುತ್ತದೆ. ಏರಲಾಗದಿದ್ದರೆ ತಿರುಗಿಸುವ ಪ್ರಯತ್ನ ಮಾಡದೆ ಬಂದ ಜಾಡಿನಲ್ಲೇ ರಿವರ್ಸ್ ಗೇರಿನಲ್ಲಿ ಇಳಿಯಬೇಕು. ನಿಲ್ಲಿಸುವಾಗ ಬ್ರೇಕ್ ಒತ್ತದೆ ವೇಗ ತಾನಾಗಿ ಇಳಿಯಲು ಬಿಟ್ಟರೆ ಚಕ್ರದ ಮುಂದೆ ಮರಳು ರಾಶಿಯಾಗುವುದಿಲ್ಲ. ಸಾಧ್ಯವಿದ್ದಷ್ಟೂ ಇಳಿಜಾರಿನ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು. ಹೊಸ ವಾಹನಗಳಲ್ಲಿ ಚಕ್ರ ಜಾರಿದೊಡನೆ ಎಂಜಿನ್ ಬಲ ತಗ್ಗಿಸುವ ವ್ಯವಸ್ಥೆ ಇರುತ್ತದೆ. ಮರಳಿನಲ್ಲಿ ಅದು ಅಡ್ಡಿಯಾಗಬಹುದಾದ್ದರಿಂದ ಅದನ್ನು ಬಂದ್ ಮಾಡುವ ಬಗೆಯನ್ನು ಕೈಪಿಡಿಯಲ್ಲಿ ನೋಡಿಕೊಂಡಿರಬೇಕು. ಕೂತವರೆಲ್ಲರೂ ಸೀಟ್ ಬೆಲ್ಟ್ ಧರಿಸಿರಬೇಕು, ಮೇಲೆ ಏರಿ ನಿಂತು ವಿಡಿಯೊ ಮಾಡುವ ಚಪಲ ಬೇಡ. ಒಣ ಹುಲ್ಲಿನ ಮೇಲೆ ಕಾದ ವಾಹನ ನಿಲ್ಲಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದೆಂಬುದೂ ನೆನಪಿರಲಿ.

ಸಿಲುಕಿದರೆ ಏನು ಮಾಡಬೇಕು?

ಚಕ್ರ ಸುತ್ತುತ್ತಾ ವಾಹನ ಮುಂದೆ ಹೋಗದಿದ್ದರೆ ತಕ್ಷಣ ಆಕ್ಸಿಲರೇಟರ್ ಬಿಡಬೇಕು. ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಕೆಳಗಿಳಿದು ಚಕ್ರಗಳ ಮುಂದಿನ, ವಾಹನದ ಹೊಟ್ಟೆಯಡಿಯ ಮರಳನ್ನು ತೆಗೆಯಬೇಕು. ಟೈರಿನ ಗಾಳಿಯನ್ನು ಇನ್ನೂ ಎರಡು, ಮೂರು ಪಿಎಸ್‌ಐ ಇಳಿಸಿ, ಹಲಗೆ ಕೊಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಲು ಯತ್ನಿಸಬೇಕು. ಎಂಜಿನ್ ಕಾದಿದ್ದರೆ ರೇಡಿಯೇಟರ್ ಮುಚ್ಚಳ ತೆರೆಯದೆ ತಣಿಯಲು ಬಿಡಬೇಕು.

ಎಲ್ಲ ಪ್ರಯತ್ನವೂ ವಿಫಲವಾದರೆ, ದಾರಿಯೂ ತಪ್ಪಿದ್ದರೆ, ವಾಹನ ಬಿಟ್ಟು ನಡೆಯಬಾರದು. ಮೇಲಿನಿಂದ ಹುಡುಕುವವರಿಗೆ ಮನುಷ್ಯನಿಗಿಂತ ವಾಹನ ಬೇಗ ಕಾಣುತ್ತದೆ. 1982ರ ಜನವರಿಯಲ್ಲಿ ಪ್ಯಾರಿಸ್-ಡಕಾರ್ ರ‍್ಯಾಲಿಯಲ್ಲಿ ಬ್ರಿಟನ್ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಪುತ್ರ ಮಾರ್ಕ್ ಥ್ಯಾಚರ್ ಮತ್ತು ಇಬ್ಬರು ಸಂಗಡಿಗರು ಸಹಾರಾದಲ್ಲಿ ದಾರಿ ತಪ್ಪಿದ್ದರು. ಕೆಟ್ಟು ನಿಂತ ಕಾರಿನ ಬಳಿಯೇ ಉಳಿದ ಮೂವರೂ ಆರು ದಿನಗಳ ಬಳಿಕ ಜೀವಂತವಾಗಿ ಪತ್ತೆಯಾದರು. ಆದರೆ ಕಾಯುವ ಶಕ್ತಿ ನೀರಿದ್ದವರಿಗೆ ಮಾತ್ರ, ಹುಡುಕುವವರು ಬರುವುದು ಸುದ್ದಿ ತಲುಪಿದರೆ ಮಾತ್ರ. ವಾಹನದ ನೆರಳಿನಲ್ಲಿ ಕುಳಿತು, ಹಗಲಿನ ದುಡಿಮೆ ನಿಲ್ಲಿಸಿ, ಬಣ್ಣದ ಬಟ್ಟೆ ಹರಡಿ, ಕನ್ನಡಿಯಿಂದ ಬೆಳಕು ಹಾಯಿಸಿ ಕಾಯುವುದೇ ಕ್ರಮ.

ತಾಲೀಮು ಊರಿನಲ್ಲೇ ಆಗಲಿ

ಬಾಯಾರಿದಾಗ ಬಾವಿ ತೋಡುವ ಪದ್ಧತಿ ಮರುಭೂಮಿಯಲ್ಲಿ ನಡೆಯದು. ಜಾಕ್ ಹಾಕಿ ಚಕ್ರ ಬದಲಿಸುವುದು, ಗಾಳಿ ಇಳಿಸಿ ಮತ್ತೆ ತುಂಬುವುದು, ಬೆಲ್ಟ್ ಬದಲಿಸುವುದು, ಪಂಕ್ಚರ್ ಹಾಕುವುದು ಇವನ್ನೆಲ್ಲ ತಂಡದ ಕನಿಷ್ಠ ಇಬ್ಬರು ಮನೆಯಂಗಳದಲ್ಲೇ ಒಮ್ಮೆ ಮಾಡಿ ನೋಡಿರಬೇಕು. ಒಬ್ಬನಿಗೆ ಮಾತ್ರ ತಿಳಿದಿದ್ದು, ಆತನೇ ಅಸ್ವಸ್ಥನಾದರೆ ಸಲಕರಣೆಗಳೆಲ್ಲ ಬರೀ ಭಾರವಾಗುತ್ತವೆ.

ಕೊನೆಯದಾಗಿ, ಹೊರಡುವ ಮುನ್ನವೇ ಹಿಂದಿರುಗುವ ಗೆರೆಗಳನ್ನು ಎಳೆದುಕೊಂಡಿರಬೇಕು. ಇಂಧನ ಅರ್ಧಕ್ಕಿಳಿದರೆ, ನೀರು ಮೀಸಲಿನ ಮಟ್ಟ ಮುಟ್ಟಿದರೆ, ಜೊತೆಯ ವಾಹನ ಕೆಟ್ಟರೆ, ಒಬ್ಬರ ಆರೋಗ್ಯ ತಪ್ಪಿದರೆ, ಧೂಳುಗಾಳಿ ಎದ್ದರೆ ಚರ್ಚೆಯಿಲ್ಲದೆ ವಾಹನ ತಿರುಗಿಸುವುದೆಂದು ಎಲ್ಲರೂ ಒಪ್ಪಿರಬೇಕು. ಸ್ಥಳದಲ್ಲಿ ನಿಂತು ಯೋಚಿಸಿದರೆ ಉತ್ಸಾಹವೇ ಗೆಲ್ಲುತ್ತದೆ, ಲೆಕ್ಕಾಚಾರ ಸೋಲುತ್ತದೆ. ನೋಡಲಾಗದ ದಿಬ್ಬ ಮುಂದಿನ ಚಳಿಗಾಲಕ್ಕೂ ಅಲ್ಲೇ ಇರುತ್ತದೆ. ಅದನ್ನು ನೋಡಲು ಮತ್ತೆ ಹೋಗುವವರು ಈ ಬಾರಿ ಕ್ಷೇಮವಾಗಿ ಮನೆ ಸೇರಿರಬೇಕು.